ಡೆಂಟಲ್ ಸೀಟಿಗೆ ನೀಟ್‌ನಲ್ಲಿ ಎಷ್ಟು ಅಂಕ ಬೇಕು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳು ಈಗ ಹನ್ನೆರಡನೇ ತರಗತಿ, ದಂತವೈದ್ಯೆ ಆಗಬೇಕೆಂಬ ಆಸೆ. ಬೋರ್ಡ್ ಪರೀಕ್ಷೆಯಲ್ಲಿ ಶೇ 90 ಬಂದರೆ ಮುಂಬೈಯಲ್ಲಿ ಬಿಡಿಎಸ್ ಸೀಟು ಸಿಗುತ್ತದೆಯೇ? ನೀಟ್‌ನಲ್ಲಿ ಎಷ್ಟು ತೆಗೆಯಬೇಕು?

ಉತ್ತರ: ಬೋರ್ಡ್‌ನಲ್ಲಿ ಶೇ 90 ಬಂದರೂ 65 ಬಂದರೂ ಬಿಡಿಎಸ್ ಸೀಟಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಇರಬೇಕು. ಇಂಗ್ಲಿಷ್ ಪಾಸಾಗಿರಬೇಕು, ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗಣಿತ ಬೇಕಿಲ್ಲ. ಎಂಎಚ್‌ಟಿ-ಸಿಇಟಿ ಕೂಡ ಬೇಕಿಲ್ಲ, ಅದು ಎಂಜಿನಿಯರಿಂಗ್, ಫಾರ್ಮಸಿಗಳ ದಾರಿ. ಇಲ್ಲಿಂದಾಚೆಗೆ ಎಲ್ಲವೂ ನೀಟ್.

ತಂದೆತಾಯಿಯರು ಎಡವುವುದು ನೀಟ್‌ನ 'ಪಾಸಿಂಗ್' ಅಂಕದಲ್ಲಿ. ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟೈಲ್ ಬೇಕು ಎಂದಾಗ 720ರಲ್ಲಿ 360 ಎಂದು ಹಲವರು ಎಣಿಸುತ್ತಾರೆ. ಹಾಗಲ್ಲ. ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮೇಲಿರಬೇಕು ಅಷ್ಟೇ. ಆ ಗೆರೆ 2022ರಲ್ಲಿ 117 ಅಂಕಕ್ಕಿತ್ತು, 2023ರಲ್ಲಿ 137ಕ್ಕೆ, 2024ರಲ್ಲಿ 162ಕ್ಕೆ ಏರಿತು, 2025ರಲ್ಲಿ 144ಕ್ಕೆ ಇಳಿಯಿತು. 2025ರಲ್ಲಿ ಬರೆದವರು ಸುಮಾರು 22 ಲಕ್ಷ, ಎಲ್ಲ ವರ್ಗಗಳೂ ಸೇರಿ ತಮ್ಮ ತಮ್ಮ ಗೆರೆ ದಾಟಿದವರು 12 ಲಕ್ಷಕ್ಕೂ ಹೆಚ್ಚು. ಅಷ್ಟು ಮಂದಿಗೆ ಸರ್ಕಾರಿ ಸೀಟು ಎಲ್ಲಿಂದ ಬರಬೇಕು? 150 ಅಂಕ ತೆಗೆದ ಮಗುವಿಗೆ 'ಕ್ವಾಲಿಫೈ ಆಗಿದ್ದಾಳೆ, ಸೀಟು ಗ್ಯಾರಂಟಿ' ಎನ್ನುವ ಏಜೆಂಟರನ್ನು ದಯವಿಟ್ಟು ನಂಬಬೇಡಿ. ಅವರು ತೋರಿಸುವ ಸೀಟು ಬಹುಪಾಲು ದುಬಾರಿ ಶುಲ್ಕದ್ದೇ ಆಗಿರುತ್ತದೆ.

ಹಾಗಾಗಿ 'ಎಷ್ಟು ಅಂಕ' ಎಂಬುದಕ್ಕೆ ಒಂದೇ ಸಂಖ್ಯೆಯ ಉತ್ತರ ನಾನು ಕೊಡುವುದಿಲ್ಲ. ಪ್ರಶ್ನೆಪತ್ರಿಕೆ ಕಷ್ಟವಾದ ವರ್ಷ ಅದೇ ಅಂಕಕ್ಕೆ ಒಳ್ಳೆಯ ರ್‍ಯಾಂಕ್, ಸುಲಭವಾದ ವರ್ಷ ಅದೇ ಅಂಕಕ್ಕೆ ಹಿಂದಿನ ಸಾಲು. ನೀಟ್ ಆಧಾರದ ಮೇಲೆ ರಾಜ್ಯದ ಸೀಟು ಹಂಚುವ ಮಹಾರಾಷ್ಟ್ರದ ಸಿಇಟಿ ಸೆಲ್ ಪ್ರತಿ ಸುತ್ತಿನ ಆಯ್ಕೆ ಪಟ್ಟಿ ಹಾಕುತ್ತದೆ. ಹಿಂದಿನ ಎರಡು ಮೂರು ವರ್ಷಗಳ ಪಟ್ಟಿ ತೆಗೆದು, ನಿಮ್ಮ ವರ್ಗದಲ್ಲಿ ಕೊನೆಯ ಸೀಟು ಯಾವ ರ್‍ಯಾಂಕಿಗೆ ಹೋಯಿತು ನೋಡಿ. ಅಂಕ ನೋಡಬೇಡಿ, ರ್‍ಯಾಂಕ್ ನೋಡಿ.

ಮುಂಬೈ ನಗರದಲ್ಲಿ ಸರ್ಕಾರದ್ದು, ಪಾಲಿಕೆಯದ್ದು ಸೇರಿ ಇರುವುದು ಎರಡೇ ಕಾಲೇಜು: ಸಿಎಸ್‌ಎಂಟಿ ಪಕ್ಕದ ಸರ್ಕಾರಿ ದಂತ ಕಾಲೇಜು ಮತ್ತು ಮುಂಬೈ ಸೆಂಟ್ರಲ್‌ನ ನಾಯರ್. ಪೈಪೋಟಿಯೆಲ್ಲ ಇವೆರಡಕ್ಕೇ. ನವಿ ಮುಂಬೈಯ ಟೆರ್ನಾ, ವೈಎಂಟಿಯಂಥ ಖಾಸಗಿ ಕಾಲೇಜುಗಳಿಗೂ ಸಿಇಟಿ ಸೆಲ್ ಮೂಲಕವೇ ಹೋಗಬೇಕು. ನೆರೂಲ್‌ನ ಡಿ.ವೈ. ಪಾಟೀಲ್, ಪುಣೆಯ ಭಾರತಿ ವಿದ್ಯಾಪೀಠದಂಥ ಡೀಮ್ಡ್ (ವಿಶ್ವವಿದ್ಯಾಲಯದ ಸ್ಥಾನ ಪಡೆದ) ಸಂಸ್ಥೆಗಳ ಕೌನ್ಸೆಲಿಂಗ್ ದೆಹಲಿಯ ಎಂಸಿಸಿ ಎಂಬ ಕೇಂದ್ರ ಸಮಿತಿಯದು, ಅದಕ್ಕೆ ಬೇರೆಯೇ ಹೆಸರು ನೋಂದಾಯಿಸಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಮಗಳು ಒಬಿಸಿ, ಎಸ್‌ಇಬಿಸಿ (ಮರಾಠಾ ಮೀಸಲು) ಅಥವಾ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಆಗಿದ್ದರೆ, ಸಿಇಟಿ ಸೆಲ್ ಮೂಲಕ ಸಿಕ್ಕ ಸೀಟಿನ ಬೋಧನಾ ಶುಲ್ಕ ಮನ್ನಾ ಮಾಡುವ 2024ರ ರಾಜ್ಯ ಸರ್ಕಾರದ ಆದೇಶವನ್ನು ತಪ್ಪದೆ ಓದಿ.

ನಮ್ಮವರು ಮರೆಯುವ ಇನ್ನೊಂದು ಸಂಗತಿ ಇದೆ. ರಾಜ್ಯದ ಶೇ 85 ಕೋಟಾಕ್ಕೆ ಮಹಾರಾಷ್ಟ್ರದ ಡೊಮಿಸೈಲ್ (ಕಾಯಂ ವಾಸದ ಪ್ರಮಾಣಪತ್ರ) ಜೊತೆಗೆ ಹತ್ತು, ಹನ್ನೆರಡು ಎರಡನ್ನೂ ಇಲ್ಲೇ ಪಾಸಾಗಿರಬೇಕು. ಕೇಂದ್ರ ನೌಕರರ ಮಕ್ಕಳಂಥ ಕೆಲವರಿಗಷ್ಟೇ ವಿನಾಯಿತಿ. ಉಡುಪಿಯಲ್ಲಿ ಅಜ್ಜಿಮನೆಯಿಂದ ಹತ್ತನೇ ತರಗತಿ ಮುಗಿಸಿ ಮುಂಬೈಗೆ ಬಂದ ಮಕ್ಕಳು ಒಳ್ಳೆಯ ರ್‍ಯಾಂಕ್ ಇದ್ದೂ ಇಲ್ಲೇ ಸಿಕ್ಕಿಬೀಳುತ್ತಾರೆ. ನಿಮ್ಮ ಮಗಳು ಎಲ್ಲಿ ಓದಿದಳೆಂದು ನೀವು ಬರೆದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕರ್ನಾಟಕದ ಸೀಟಿನ ಮೇಲೂ ಕಣ್ಣಿದ್ದರೆ, ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಕನ್ನಡ ಭಾಷಾ ಪರೀಕ್ಷೆಯ ವಿವರವನ್ನು ಆ ವರ್ಷದ ಕೈಪಿಡಿಯಲ್ಲಿ ನೋಡಿ. ಅದು ಕರ್ನಾಟಕದ ಸಿಇಟಿಯ ಆಸುಪಾಸಿನಲ್ಲೇ ನಡೆದುಹೋಗುತ್ತದೆ. ನೀಟ್ ಫಲಿತಾಂಶ ಬಂದಮೇಲೆ ಯೋಚಿಸೋಣ ಎಂದರೆ ಆ ವರ್ಷಕ್ಕೆ ತಡವಾಗಿರುತ್ತದೆ.