ಫ್ರೋಜನ್ ಪ್ಲೇಟ್‌ಲೆಟ್: ಕೌಂಟ್ ಏರದಿದ್ದರೂ ರಕ್ತ ನಿಲ್ಲುವುದು ಹೇಗೆ?

ಮೊದಲೇ ಒಂದು ಮಾತು. ಇಲ್ಲಿ ‘ಹೆಪ್ಪುಗಟ್ಟಿಸಿದ ಪ್ಲೇಟ್‌ಲೆಟ್’ ಅಂತ ಬರೆಯುವುದಿಲ್ಲ. ರಕ್ತದ ವಿಷಯದಲ್ಲಿ ಹೆಪ್ಪು ಅಂದರೆ ಕ್ಲಾಟ್. ಎರಡೂ ಕಲಸಿಹೋಗುತ್ತವೆ. ಫ್ರೋಜನ್ ಅಂತಲೇ ಇರಲಿ. ಪ್ಲೇಟ್‌ಲೆಟ್ ಅಂದರೆ ರಕ್ತಸ್ರಾವ ನಿಲ್ಲಿಸಲು ನೆರವಾಗುವ ರಕ್ತದ ಪುಟ್ಟ ಕಣ, ಕೌಂಟ್ ಅಂದರೆ ರಕ್ತದಲ್ಲಿ ಅವುಗಳ ಸಂಖ್ಯೆ.

ವಿಧಾನ ಸುಲಭ. ದಾನಿಗಳಿಂದ ಪಡೆದ ಪ್ಲೇಟ್‌ಲೆಟ್‌ನ ಮಾಮೂಲಿ (ತಾಜಾ) ಚೀಲವನ್ನು 20–24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಲೇ ಇಡಬೇಕು, ಆಯಸ್ಸು ಸಾಮಾನ್ಯವಾಗಿ 5 ದಿನ. ಫ್ರೋಜನ್‌ಗೆ 5–6% ಡಿಎಂಎಸ್‌ಒ (ಫ್ರೀಜ್ ಆಗುವಾಗ ಕಣಗಳನ್ನು ಕಾಪಾಡುವ ರಾಸಾಯನಿಕ) ಸೇರಿಸಿ, ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ), ಮೇಲಿನ ದ್ರವ ತೆಗೆದು, ಮೈನಸ್ 80 ಡಿಗ್ರಿಯಲ್ಲಿಟ್ಟರೆ 2 ವರ್ಷ ಇರುತ್ತದೆ. ಬೇಕಾದಾಗ 37 ಡಿಗ್ರಿಯಲ್ಲಿ ಕರಗಿಸಿ, ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ಬೆರೆಸಿ, ಕೆಲವೇ ಗಂಟೆಗಳೊಳಗೆ ರೋಗಿಗೆ ಕೊಡಬೇಕು. ಡಚ್ ಸೇನೆ ಬೋಸ್ನಿಯಾ, ಅಫ್ಘಾನಿಸ್ತಾನಗಳಲ್ಲಿ ಗಾಯಾಳುಗಳಿಗೆ ಇದನ್ನೇ ಬಳಸಿತು.

ನಾನು ಎರಡು ದಿನ ಸಿಕ್ಕಿಬಿದ್ದದ್ದು ಇಲ್ಲಿ: ಫ್ರೋಜನ್ ಕೊಟ್ಟ ಮೇಲೆ ರೋಗಿಯ ಕೌಂಟ್ ತಾಜಾ ಚೀಲ ಕೊಟ್ಟಷ್ಟು ಏರುವುದಿಲ್ಲ, ಏರಿದ್ದೂ ಬೇಗ ಇಳಿಯುತ್ತದೆ. ಹಾಗಾದರೆ ಕೊಟ್ಟು ಏನು ಪ್ರಯೋಜನ? ಡೆಂಗ್ಯೂ ಕಾಲದಲ್ಲಿ ವಾರ್ಡಿನ ತುಂಬ ‘ಕೌಂಟ್ ಎಷ್ಟಾಯ್ತು?’ ಅನ್ನುವ ಒಂದೇ ಪ್ರಶ್ನೆ ಕೇಳಿ ಬೆಳೆದ ತಲೆ ನಮ್ಮದು, ಕೌಂಟೇ ಕೆಲಸ ಅಂದುಕೊಂಡುಬಿಡುತ್ತೇವೆ.

ಉತ್ತರ ಪೊರೆಯಲ್ಲಿದೆ. ಸುಮ್ಮನಿರುವ ಪ್ಲೇಟ್‌ಲೆಟ್‌ನಲ್ಲಿ ಫಾಸ್ಫಟಿಡಿಲ್‌ಸೆರೀನ್ ಎಂಬ ಕೊಬ್ಬು ಪೊರೆಯ ಒಳಮೈಯಲ್ಲಿರುತ್ತದೆ. ಗಾಯದ ಹತ್ತಿರ ಪ್ಲೇಟ್‌ಲೆಟ್ ಚುರುಕಾದಾಗ ಅದು ಹೊರಮೈಗೆ ಬರುತ್ತದೆ. ಅದರ ಮೇಲೆ ಕ್ಲಾಟಿಂಗ್ ಫ್ಯಾಕ್ಟರ್‌ಗಳು (ಕ್ಲಾಟ್ ಆಗಲು ಬೇಕಾದ ರಕ್ತದ ಪ್ರೋಟೀನ್‌ಗಳು) ಕೂತು, ಕ್ಲಾಟ್ ಕಟ್ಟಿಸುವ ಕಿಣ್ವವಾದ ಥ್ರಾಂಬಿನ್ ತಯಾರಾಗುತ್ತದೆ. ಫ್ರೀಜ್ ಆಗಿ ಕರಗುವಾಗಲೇ ಎಷ್ಟೋ ಪ್ಲೇಟ್‌ಲೆಟ್‌ಗಳಲ್ಲಿ ಇದು ಹೊರಗೆ ಬಂದಾಗಿರುತ್ತದೆ, ಹಾಗಾಗಿ ಕ್ಲಾಟ್ ಬೇಗ ಶುರುವಾಗುತ್ತದೆ. ಒಡೆದ ಚೂರುಗಳ (ಮೈಕ್ರೋಪಾರ್ಟಿಕಲ್) ಮೈಮೇಲೂ ಅದೇ ಕೊಬ್ಬು. ಅವೂ ಥ್ರಾಂಬಿನ್‌ಗೆ ಜಾಗ ಕೊಡುತ್ತವೆ, ಆದರೆ ಯಂತ್ರ ಅವನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ.

ಇನ್ನೊಂದು ಮಗ್ಗುಲು: ಹೊರಗೆ ಕಂಡ ಇದೇ ಕೊಬ್ಬು ಮ್ಯಾಕ್ರೋಫೇಜ್‌ಗಳಿಗೆ (ಕೆಟ್ಟ ಕಣಗಳನ್ನು ನುಂಗುವ ರಕ್ಷಣಾ ಕೋಶಗಳಿಗೆ) ‘ನನ್ನನ್ನು ತಿನ್ನು’ ಎಂಬ ಗುರುತು. ಅವು ಪ್ಲೇಟ್‌ಲೆಟ್‌ಗಳನ್ನು ಬೇಗ ನುಂಗಿಬಿಡುತ್ತವೆ. ಅಂದರೆ ಚುರುಕಿಗೂ ಅಲ್ಪಾಯುಸ್ಸಿಗೂ ಕಾರಣ ಒಂದೇ! ಹೆಚ್ಚಿಟ್ಟ ತರಕಾರಿ ನೆನಪಿಟ್ಟುಕೊಳ್ಳಿ: ಬೇಗ ಬೇಯುತ್ತದೆ, ಬೇಗ ಬಾಡುತ್ತದೆ. ಈ ಹೋಲಿಕೆ ಸಿಕ್ಕ ಮೇಲೆ ನನಗೆ ಗೊಂದಲವಾಗಿಲ್ಲ.

ಇನ್ನು ಯಾರಿಗೆ ಕೊಡುವುದು ಅನ್ನುವುದು ತಾನಾಗಿ ಹೊಳೆಯುತ್ತದೆ. ಕೀಮೋ ನಂತರ ಕೌಂಟ್ (ಒಂದು ಮೈಕ್ರೋಲೀಟರ್ ರಕ್ತದಲ್ಲಿ) 10,000ಕ್ಕಿಂತ ಕೆಳಗಿಳಿದು, ರಕ್ತಸ್ರಾವವಿಲ್ಲದಿದ್ದರೆ, ಮುನ್ನೆಚ್ಚರಿಕೆಗೆ ದಿನಗಟ್ಟಲೆ ಉಳಿಯುವ ಪ್ಲೇಟ್‌ಲೆಟ್ ಬೇಕು. ಅಲ್ಲಿ ತಾಜಾ ಚೀಲವೇ ಸರಿ. ಈಗಲೇ ರಕ್ತ ಸುರಿಯುತ್ತಿದೆ, ತಾಜಾ ಚೀಲ ಕೈಗೆ ಸಿಗುತ್ತಿಲ್ಲ ಅಂದರೆ ಫ್ರೋಜನ್‌ಗೆ ಅರ್ಥವಿದೆ.

ಕೀಮೋ ರೋಗಿಗೆ ತಾಜಾ ಚೀಲವೇ ಸರಿ ಅನ್ನುವುದಕ್ಕೆ ಒಂದು ಅಪವಾದ. ಪದೇಪದೇ ಪ್ಲೇಟ್‌ಲೆಟ್ ಪಡೆದ ಕೆಲವು ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ರೋಗಿಗಳಲ್ಲಿ ಎಚ್‌ಎಲ್‌ಎ ಆ್ಯಂಟಿಬಾಡಿ (ಬೇರೆಯವರ ಕೋಶಗಳ ಗುರುತಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಬೆಳೆದು, ದಾನಿಗಳ ಪ್ಲೇಟ್‌ಲೆಟ್ ದೇಹದಲ್ಲಿ ಉಳಿಯುವುದೇ ಇಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ವೈದ್ಯ ಚಾರ್ಲ್ಸ್ ಶಿಫರ್ ತಂಡ ಕಾಯಿಲೆ ತಗ್ಗಿದ್ದಾಗ ರೋಗಿಯದೇ ಪ್ಲೇಟ್‌ಲೆಟ್ ತೆಗೆದು ಫ್ರೀಜ್ ಮಾಡಿಟ್ಟು, ಮುಂದಿನ ಕೀಮೋದಲ್ಲಿ ಕೌಂಟ್ ಕುಸಿದಾಗ ಅವರಿಗೇ ಕೊಟ್ಟಿತು. 1978ರಲ್ಲಿ ಅದರ ವರದಿ ಬಂತು. ಅಲ್ಲಿ ಫ್ರೀಜ್ ಮಾಡಿ ಕರಗಿಸುವಾಗ ಒಂದಿಷ್ಟು ಪ್ಲೇಟ್‌ಲೆಟ್ ನಷ್ಟವಾದರೂ, ಉಳಿದದ್ದನ್ನು ದೇಹ ಪರಕೀಯವೆಂದು ಹೊರಹಾಕಲಿಲ್ಲ.