ಹೈಡ್ರೇಷನ್: ಪುಟ ಕಂಡರೂ ಬಟನ್ ಯಾಕೆ ಓಗೊಡುವುದಿಲ್ಲ?

ಮೊಬೈಲಿನಲ್ಲಿ ಒಂದು ಪುಟ ತೆರೆದಿದೆ. ಅಕ್ಷರ, ಚಿತ್ರ, ಬಟನ್ ಎಲ್ಲಾ ಬಂದಿವೆ. ಮೆನು ಬಟನ್ ಒತ್ತುತ್ತೀರಿ, ಏನೂ ಆಗುವುದಿಲ್ಲ. ಇನ್ನೊಮ್ಮೆ ಒತ್ತುತ್ತೀರಿ. ಸ್ವಲ್ಪ ಹೊತ್ತಿಗೆ ಮೆನು ತಟ್ಟನೆ ತೆರೆದು, ತಟ್ಟನೆ ಮುಚ್ಚಿಕೊಳ್ಳುತ್ತದೆ. ನೀವು ಒತ್ತಿದ್ದು ಎರಡೂ ಸಲ ತಲುಪಿತ್ತು. ಪುಟದ ಹೈಡ್ರೇಷನ್ ಮುಗಿದಿರಲಿಲ್ಲ, ಅಷ್ಟೇ.

ಹೈಡ್ರೇಷನ್ ಅಂದರೆ ನೀರುಣಿಸುವುದು. ಸರ್ವರ್, ಅಂದರೆ ಪುಟವನ್ನು ಕಳಿಸುವ ಆ ಕಡೆಯ ಕಂಪ್ಯೂಟರ್, ಪುಟವನ್ನು ಎಚ್‌ಟಿಎಂಎಲ್ ಆಗಿ (ಪುಟದಲ್ಲಿ ಏನೇನು ಕಾಣಬೇಕು ಅನ್ನುವ ಬರಹ) ಸಿದ್ಧಮಾಡಿ ಕಳಿಸುತ್ತದೆ. ಓದಲು ಅಷ್ಟು ಸಾಕು. ಆದರೆ ಅದಿನ್ನೂ ಒಣ ಪುಟ. ಯಾವ ಬಟನ್ ಒತ್ತಿದರೆ ಏನಾಗಬೇಕು ಅನ್ನುವುದು ಅದರಲ್ಲಿಲ್ಲ. ಆಮೇಲೆ ಬ್ರೌಸರ್ ಜಾವಾಸ್ಕ್ರಿಪ್ಟ್, ಅಂದರೆ ಪುಟಕ್ಕೆ ಕೆಲಸ ಹೇಳಿಕೊಡುವ ಕೋಡ್, ಇಳಿಸಿಕೊಂಡು, ಅದೇ ಪುಟವನ್ನು ಮೆಮೊರಿಯಲ್ಲಿ ಇನ್ನೊಮ್ಮೆ ಕಟ್ಟಿ, ಬಂದಿರುವ ಎಚ್‌ಟಿಎಂಎಲ್ ಜೊತೆ ತಾಳೆ ನೋಡಿ, ಬಟನ್‌ಗಳಿಗೆ ಅವುಗಳ ಕೆಲಸ ಜೋಡಿಸುತ್ತದೆ. ತಾಳೆ ತಪ್ಪುವುದೂ ಉಂಟು. ಸರ್ವರ್ ಪುಟದಲ್ಲಿ 10:05:07 ಎಂದು ಸಮಯ ಬರೆದು ಕಳಿಸಿತು, ಬ್ರೌಸರ್ ಕಟ್ಟುವಾಗ 10:05:09 ಆಗಿತ್ತು ಅಂದರೆ ಸಾಕು, ಎರಡೂ ಹೊಂದುತ್ತಿಲ್ಲ ಎಂಬ ಎರರ್ ಬರುತ್ತದೆ.

ಒಂದೇ ಕೆಲಸ ಎರಡು ಸಲ ಯಾಕೆ ಅಲ್ವಾ? ಮೊದಲು ಎಲ್ಲವನ್ನೂ ಸರ್ವರ್ರೇ ಮಾಡುತ್ತಿತ್ತು, ಒಂದೊಂದು ಕ್ಲಿಕ್‌ಗೂ ಹೊಸ ಪುಟ ಬರಬೇಕಿತ್ತು. ಆಮೇಲೆ ಇಡೀ ಭಾರ ಬ್ರೌಸರ್ ಮೇಲೆ ಬಿತ್ತು, ಜಾವಾಸ್ಕ್ರಿಪ್ಟ್ ಓಡುವ ತನಕ ಬಿಳಿ ಪರದೆ. ಇವೆರಡರ ನಡುವಿನ ದಾರಿ ಹೈಡ್ರೇಷನ್. ವೆಬ್ ಪುಟ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್. ಅದರ 2017ರ ಆವೃತ್ತಿ 16ರಲ್ಲಿ ‘ಹೈಡ್ರೇಟ್’ ಎಂಬ ಹೆಸರಿನ ಫಂಕ್ಷನ್ನೇ ಬಂತು.

ತೊಂದರೆ ಇರುವುದು ಮೇನ್ ಥ್ರೆಡ್‌ನಲ್ಲಿ, ಅಂದರೆ ಬ್ರೌಸರ್ ಒಂದಾದ ಮೇಲೊಂದು ಕೆಲಸ ಮಾಡುವ ಮುಖ್ಯ ಸಾಲಿನಲ್ಲಿ. ಜಾವಾಸ್ಕ್ರಿಪ್ಟ್ ಓಡಿಸುವುದೂ ಅದೇ, ನಿಮ್ಮ ಬೆರಳಿಗೆ ಉತ್ತರ ಕೊಡುವುದೂ ಅದೇ. 50 ಮಿಲಿಸೆಕೆಂಡ್ ದಾಟಿದ ಕೆಲಸವನ್ನು ‘ಲಾಂಗ್ ಟಾಸ್ಕ್’ ಅನ್ನುತ್ತಾರೆ. ದೊಡ್ಡ ಪುಟವನ್ನು ಒಂದೇ ಏಟಿಗೆ ಹೈಡ್ರೇಟ್ ಮಾಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಗ್ಗದ ಫೋನಿನಲ್ಲಂತೂ ಕೇಳಲೇಬೇಡಿ. ಪುಟವೊಂದು ಚುರುಕಾಗಿದೆ ಅನ್ನಲು ಗೂಗಲ್ ಇಟ್ಟಿರುವ ಐಎನ್‌ಪಿ ಅಳತೆಯ (ಒತ್ತಿದ ಮೇಲೆ ಪರದೆಯಲ್ಲಿ ಉತ್ತರ ಕಾಣಲು ಹಿಡಿಯುವ ಹೊತ್ತು) ಮಿತಿ 200 ಮಿಲಿಸೆಕೆಂಡ್.

ಹಾಗಾಗಿ ಪುಟ ಬರೆಯುವವರು ಒಂದೊಂದು ಭಾಗಕ್ಕೂ ಕೇಳಬೇಕಾದ ಪ್ರಶ್ನೆ: ಇದಕ್ಕೆ ನೀರು ಬೇಕೇ? ಲೇಖನದ ಪ್ಯಾರಾ, ಅಡಿಬರಹ, ಶೀರ್ಷಿಕೆ ಇವಕ್ಕೆ ಯಾಕೆ ಸುಮ್ನೆ ಜಾವಾಸ್ಕ್ರಿಪ್ಟ್? ಹುಡುಕುವ ಪೆಟ್ಟಿಗೆಗೆ ಬೇಕು, ಕೊಡಿ. ‘ಐಲ್ಯಾಂಡ್ಸ್’ ವಿಧಾನ ಮಾಡುವುದು ಇದನ್ನೇ. ಪುಟವೆಲ್ಲಾ ಒಣ ಎಚ್‌ಟಿಎಂಎಲ್ ಆಗಿಯೇ ಉಳಿಯುತ್ತದೆ, ಅಲ್ಲಲ್ಲಿ ಒಂದೊಂದು ಜೀವಂತ ದ್ವೀಪ. 2022ರ ರಿಯಾಕ್ಟ್ 18 ಇನ್ನೊಂದು ದಾರಿ ಹಿಡಿಯಿತು. ಪುಟವನ್ನು ಭಾಗ ಭಾಗವಾಗಿ ಹೈಡ್ರೇಟ್ ಮಾಡುತ್ತಾ, ನಡುವೆ ನೀವು ಯಾವುದನ್ನು ಒತ್ತಿದಿರೋ ಆ ಭಾಗವನ್ನೇ ಮೊದಲು ಕೈಗೆತ್ತಿಕೊಳ್ಳುತ್ತದೆ.