ಅಷ್ಟು ಹಳೇ ರಿವಾಲ್ವರ್‌ಗೂ ಲೈಸೆನ್ಸ್ ಬೇಕಾ?

ಪ್ರಶ್ನೆ: ನಾನು ಆಳಂದದವನು. ನಿಜಾಮರ ಕಾಲದ ನಾಣ್ಯ, ಬೀಗ, ಅಡಕೊತ್ತು ಕೂಡಿಸುವ ಹುಚ್ಚಿದೆ. ಹುಮನಾಬಾದ್ ಕಡೆಯ ಒಂದು ವಾಡೆಯವರು ಮುತ್ತಜ್ಜನ ರಿವಾಲ್ವರ್ ಮಾರುತ್ತಾರಂತೆ. ಗುಂಡು ಹಾರಿಸುವ ಆಸೆ ನನಗಿಲ್ಲ, ಶೋಕೇಸಿನಲ್ಲಿಡಬೇಕು ಅಷ್ಟೇ. ಕೊಳ್ಳಬಹುದಾ?

ಉತ್ತರ: ಲೈಸೆನ್ಸ್ ಬೇಕು ಎಂದುಕೊಂಡೇ ಹೊರಡಿ. ಬೀದರ್‌ನಲ್ಲಿ ಹಳೇ ಸಾಮಾನು ಕೂಡಿಸುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. "ಹಳೇದೇ ಅದರಿ ಸರ, ಮತ್ಯಾಕ ಲೈಸೆನ್ಸ್?" ಅಂತಾರೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬರೀ ವಯಸ್ಸು ನೋಡುವುದಿಲ್ಲ. ಹಳೇ ಮಾದರಿಯ, ಕೆಟ್ಟುಹೋದ ಆಯುಧಕ್ಕೆ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ, ನಿಜ. ಅದು ರಿಪೇರಿ ಮಾಡಿದರೂ ಹಾರುವುದಿಲ್ಲ ಎನ್ನುವಂತಿದ್ದರೆ ಮಾತ್ರ. 2020ರಲ್ಲಿ ಕೇಂದ್ರ ಗೃಹ ಸಚಿವಾಲಯ ಕ್ಯೂರಿಯೊ, ಅಂದರೆ ಹಳೇ ಅಪರೂಪದ ವಸ್ತು ಎನಿಸಿದ ಸಣ್ಣ ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದಿತು. ಆದರೆ ಬಳಸಲು, ಹೊತ್ತೊಯ್ಯಲು, ಸಾಗಿಸಲು ಬೇಕೇ ಬೇಕು. ಹುಮನಾಬಾದ್‌ನಿಂದ ಆಳಂದಕ್ಕೆ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತುವುದೂ ಸಾಗಿಸುವುದೇ ಅಲ್ವಾ? ನಿಮ್ಮದು ಯಾವ ಗುಂಪಿಗೆ ಸೇರುತ್ತದೆ ಎಂದು ನೀವೇ ತೀರ್ಮಾನ ಮಾಡಬೇಡಿ. ಡಿಸಿ ಕಚೇರಿಯಿಂದ ಲಿಖಿತವಾಗಿ ತಗೊಳ್ಳಿ. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 2 ವರ್ಷ ಜೈಲು.

ಹಣದ ಮಾತಿಗೆ ಮೊದಲು ವಾಡೆಯವರ ಕಾಗದ ಕೇಳಿ. ಮುತ್ತಜ್ಜನ ಹೆಸರಿನ ಲೈಸೆನ್ಸ್ ಅವರ ಜೊತೆಗೇ ಮುಗಿಯಿತು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಂಡಿರಬೇಕು, ಇಲ್ಲವೇ ಆಯುಧವನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಒಪ್ಪಿಸಿರಬೇಕು. ಎರಡೂ ಆಗಿಲ್ಲದಿದ್ದರೆ ಮೊದಲು ಅದು ಸರಿಯಾಗಲಿ, ನೀವು ಮುಟ್ಟಲೇಬೇಡಿ. ಕಾಗದ ಸರಿ ಇದ್ದರೂ ಮಾರುವವರು ಮೊದಲೇ ಲಿಖಿತ ಮಾಹಿತಿ ಕೊಟ್ಟು 45 ದಿನ ಕಾಯಬೇಕು. ಬೋರ್, ಅಂದರೆ ನಳಿಕೆಯ ಒಳ ಅಳತೆ ಯಾವುದೆಂದೂ ನೋಡಿ. .32 ಆದರೆ ಡಿಸಿ ಮಟ್ಟದಲ್ಲೇ ಮುಗಿಯುತ್ತದೆ. ಸೈನ್ಯದಲ್ಲಿದ್ದ .38, .455 ಬೋರ್‌ಗಳು ನಿಷೇಧಿತ ಪಟ್ಟಿಯವು, ಅವಕ್ಕೆ ದಿಲ್ಲಿಯ ಒಪ್ಪಿಗೆ ಬೇಕು. ಇನ್ನೊಂದು ಮಾತು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಪಿತ್ರಾರ್ಜಿತ ಬಂದದ್ದೂ ಸೇರಿ. ನಾಣ್ಯ ಕೂಡಿಸಿದ ಹಾಗೆ ಇದನ್ನು ಕೂಡಿಸಲು ಆಗುವುದಿಲ್ಲ. ಅದಕ್ಕೇ ನೋಡಿ ಆರಿಸಿ.

ನೋಡುವುದು ಅಂದರೆ ಮುಖ್ಯವಾಗಿ ನಂಬರು ಮತ್ತು ಮುದ್ರೆ. ಉದಾಹರಣೆಗೆ, 'ವೆಬ್ಲಿ ಅಂಡ್ ಸ್ಕಾಟ್' ಎಂದು ಕೊರೆದಿದ್ದರೆ ಅದು 1897ಕ್ಕಿಂತ ಹಿಂದಿನದಲ್ಲ. ಆ ಎರಡು ಹೆಸರು ಒಂದಾದದ್ದೇ ಆ ವರ್ಷ. ಭಾಲ್ಕಿ ಕಡೆ ಒಬ್ಬ ಹಿರಿಯರು ತಮ್ಮ ರಿವಾಲ್ವರ್ ತೋರಿಸಿದ್ದರು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎಮರಿ ಪೇಪರ್ ಹಾಕಿ ಎರಡು ದಿನ ತಿಕ್ಕಿದ್ದರಂತೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಂಬರಿನ ಮೊದಲೆರಡು ಅಂಕಿ ಸವೆದು ಬರೀ ನೆರಳು ಉಳಿದಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸಂಗ್ರಹದ ಬೆಲೆ ಹೋಯಿತು, ಜೊತೆಗೆ ಲೈಸೆನ್ಸಿನಲ್ಲಿರುವ ನಂಬರು ಇದರದ್ದೇ ಎಂದು ತೋರಿಸುವುದೂ ಕಷ್ಟ. ಬಂದೂಕಿನ ಗುರುತು ಅಳಿಸುವುದೇ ಒಂದು ಅಪರಾಧ.

ನಮ್ಮೂರಿನ ಬಿದ್ರಿ ಹೂಜಿಯನ್ನು ಯಾರಾದರೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾರಾ? ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪೇ ಅದರ ಚಂದ. ರಿವಾಲ್ವರ್‌ನ ಮಾಸಿದ ನೀಲಿ-ಕಪ್ಪು ಬಣ್ಣವೂ ಹಾಗೇ. ಹೊಳಪು ಕೊಡುವ ಯಾವ ಪುಡಿಯೂ ಬೇಡ.

ಕೈಗೆ ತಗೊಂಡಾಗಲೆಲ್ಲ ನಳಿಕೆಯನ್ನು ಜನರಿಲ್ಲದ ಕಡೆ ತಿರುಗಿಸಿ, ಸಿಲಿಂಡರ್ ತೆರೆದು ಗುಂಡು ಕೂರುವ ಒಂದೊಂದೇ ಮನೆ ಖಾಲಿ ಇದೆಯಾ ನೋಡಿ. ನಿನ್ನೆ ನೋಡಿದ್ದರೂ ಇವತ್ತು ಮತ್ತೆ ನೋಡಿ. ಸುಮ್ನೆ ಟ್ರಿಗರ್ ಎಳೆಯಬೇಡಿ, ಹಳೇ ಪಿನ್ನು ಮುರಿಯುತ್ತದೆ. ಮುಟ್ಟಿದ ಮೇಲೆ ಬೆವರಿನ ಉಪ್ಪು ಹೋಗುವಂತೆ ಮೆತ್ತಗಿನ ಬಟ್ಟೆಯಿಂದ ಒರೆಸಿ, ಬಂದೂಕಿನ ಎಣ್ಣೆಯನ್ನು ತೆಳ್ಳಗೆ ಸವರಿ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಮರದ ಹಿಡಿಗೆ ಮಾತ್ರ ಎರಡು ಹನಿ ಅಗಸೆ ಎಣ್ಣೆ ಸಾಕು.

ಚರ್ಮದ ಹೋಲ್ಸ್ಟರ್‌ನಲ್ಲಿಟ್ಟು ಮರೆಯಬೇಡಿ. ಚರ್ಮ ತೇವ ಹಿಡಿಯುತ್ತದೆ, ಒಳಗೇ ತುಕ್ಕು ಬೆಳೆಯುತ್ತದೆ. ಹೋಲ್ಸ್ಟರನ್ನು ಬೇರೆ ಇಡಿ. ಮಳೆಗಾಲಕ್ಕೆ ಎಲ್ಲರೂ ಎಚ್ಚರ ವಹಿಸುತ್ತಾರೆ, ಆದರೆ ನಮ್ಮ ಕಡೆ ಬೇಸಿಗೆಯೂ ಮೋಸ ಮಾಡುತ್ತದೆ. ಹೊರಗೆ ಒಣ ಬಿಸಿಲು, ಒಳಗೆ ನೀರಿನ ಕೂಲರ್. ಕೂಲರ್ ಓಡುವ ಕೋಣೆಯಲ್ಲಿ ಇಡಬೇಡಿ. ಗಾಜಿನ ಶೋಕೇಸನ್ನೂ ಬಿಡಿ. ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಕೀಲಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮನೆಗೆ ಬಂದವರಿಗೆ ತೋರಿಸಲು ಒಂದು ಒಳ್ಳೇ ಫೋಟೊ ತೆಗೆಸಿ ಗೋಡೆಗೆ ಹಾಕಿ.

ವಾಡೆಯವರು ಹಳೇ ಕಾಡತೂಸುಗಳನ್ನೂ ಜೊತೆಗೆ ಕೊಡಲು ಬಂದರೆ ತಗೋಬೇಡಿ. ಹಿತ್ತಾಳೆ ಹಸಿರಾಗಿದ್ದರೂ ಮದ್ದು ಸತ್ತಿರುತ್ತದೆ ಅಂತ ಹೇಳಲು ಆಗುವುದಿಲ್ಲ. ಅವನ್ನು ತೆಗೆಯಲು, ಒಡೆಯಲು ಹೋಗದೆ ಠಾಣೆಗೆ ತಿಳಿಸಿ ಒಪ್ಪಿಸಲು ಅವರಿಗೇ ಹೇಳಿ.